ಗೌರಜ್ಜಿಯ ಚೀಟಿ

ಆಗೆಲ್ಲ ಚುನಾವಣೆ ಬಂತು ಅನ್ನುವುದು ಮೊದಲು ಮೂಗಿಗೆ ತಿಳಿಯುತ್ತಿತ್ತು. ರಾಜಾಜಿನಗರದ ನಮ್ಮ ವಠಾರದ ಹಿತ್ತಲಲ್ಲಿ ಅಪ್ಪ ಮೈದಾಹಿಟ್ಟಿಗೆ ಹುಳು ಹಿಡಿಯದಂತೆ ಮೈಲುತುತ್ತ ಹಾಕಿ ಪೋಸ್ಟರ್ ಅಂಟಿಸುವ ಗೋಂದು ಕುದಿಸುತ್ತಿದ್ದರು. ಅದರ ವಾಸನೆಯ ಮುಂದೆ ಅಮ್ಮನ ಒಗ್ಗರಣೆಯೂ ಸೋಲುತ್ತಿತ್ತು. ಮೈಕು ಕಟ್ಟಿದ ಆಟೋ ಬೀದಿಗೆ ಬಂದರೆ ಮಕ್ಕಳೆಲ್ಲ ಕುಂಟೆಬಿಲ್ಲೆ ಬಿಟ್ಟು ಅದರ ಹಿಂದೆ ಓಡುತ್ತಿದ್ದೆವು. ಯಾವ ಪಾರ್ಟಿಯ ಬ್ಯಾಡ್ಜಾದರೂ ಸರಿ, ಲಂಗಕ್ಕೆಲ್ಲ ಚುಚ್ಚಿಕೊಂಡು ಮೆರೆಯುತ್ತಿದ್ದೆವು.

ನನಗೆ ಒಂಬತ್ತು ವರ್ಷವಾಗಿದ್ದಾಗ, ಎಂಬತ್ತರ ದಶಕದ ನಡುವೆ ಬಂದ ಚುನಾವಣೆ ಮಾತ್ರ ಹಾಗಿರಲಿಲ್ಲ. ಪಕ್ಕದ ಮನೆಯ ಶಿವಣ್ಣ ಮಾಮ ಮತ್ತು ಅಪ್ಪ ಒಂದೇ ಫ್ಯಾಕ್ಟರಿಯವರು. ಫ್ಯಾಕ್ಟರಿ ಬಸ್ಸಿನಲ್ಲಿ ಒಂದೇ ಪೇಪರನ್ನು ಹಂಚಿಕೊಂಡು ಓದುತ್ತಿದ್ದವರು. ಪಾರ್ಟಿ ಬೇರೆಯಾದರೂ ಅದುವರೆಗೆ ನಗುತ್ತಲೇ ಜಗಳವಾಡುತ್ತಿದ್ದರು. ಆ ಸಲ ಒಂದು ಸಂಜೆ ನಲ್ಲಿಯ ಹತ್ತಿರ ಮಾತಿಗೆ ಮಾತು ಬೆಳೆದು, ಇಬ್ಬರೂ ಒಬ್ಬರ ಕಾಲರ್ ಒಬ್ಬರು ಹಿಡಿದರು. ಬಿಂದಿಗೆ ಉರುಳಿ ನೀರೆಲ್ಲ ಚೆಲ್ಲಿತು. ಹೆಂಗಸರು ಬಂದು ಬಿಡಿಸಬೇಕಾಯಿತು. ಅಪ್ಪ ಒಳಗೆ ಬಂದು ಬಾಗಿಲ ಅಗುಳಿ ಹಾಕಿ ಕೂಗಿದರು.

"ಇವ್ರು ಗೆದ್ರೆ ಅಷ್ಟೇ, ದೇಶ ಮುಳುಗಿಹೋಗುತ್ತೆ. ಆ ಮನೆ ಹೊಸಿಲು ಯಾರೂ ತುಳೀಕೂಡ್ದು!"

ದೊಡ್ಡವರು ಹಾಗೆ ಸುಮ್ಮನೆ ಅನ್ನುತ್ತಾರೆಂದು ನನಗೆಲ್ಲಿ ಗೊತ್ತು? ನಾನು ನಿಜವೆಂದೇ ತಿಳಿದೆ. ನೀರು ಮೊದಲು ನಮ್ಮ ಬೀದಿಗೆ ಬರುತ್ತದೋ ಮೆಜೆಸ್ಟಿಕ್ಕಿಗೆ ಬರುತ್ತದೋ ಎಂದು ಲೆಕ್ಕ ಹಾಕುತ್ತ, ಭಯದಲ್ಲಿ ಅಮ್ಮನ ಸೆರಗು ಹಿಡಿದುಕೊಂಡೇ ಓಡಾಡಿದೆ.

ಆದರೂ ಗೌರಜ್ಜಿಯ ಖಾರ ಮಂಡಕ್ಕಿ ಬಿಡಲಾಗಲಿಲ್ಲ. ಗೌರಜ್ಜಿ ಶಿವಣ್ಣ ಮಾಮನ ತಾಯಿ, ದಾವಣಗೆರೆ ಕಡೆಯವರು, ಅಕ್ಷರ ಬಾರದವರು. ಮತದಾನಕ್ಕೆ ಎರಡು ದಿನ ಮೊದಲು, ಮನೆಯಲ್ಲಿ ಯಾರೂ ಇಲ್ಲದಾಗ ಅವರು ನನ್ನನ್ನು ಕರೆದು, ಮಂಡಕ್ಕಿ ಕೊಟ್ಟು, ಸೊಂಟದ ಸಂಚಿಯಿಂದ ಒಂದು ಚೀಟಿ ತೆಗೆದರು. ಹೆಸರು, ನಂಬರು, ಯಾವ ಶಾಲೆ, ಯಾವ ರೂಮು ಎಂದು ಮಗ ಬರೆದುಕೊಟ್ಟಿದ್ದ ಓಟಿನ ಚೀಟಿ.

"ನನ್ನ ಹೆಸರು ಸರಿಗೈತೇನು ನೋಡವ್ವ. ನಮ್ಮೂರಾಗ ಎಲ್ಲಾರ ಓಟೂ ಗೌಡ್ರೇ ಹಾಕಿಬಿಡ್ತಿದ್ರು. 'ನಿಂದು ಆಗೈತಿ, ಮನಿಗೆ ನಡಿ' ಅಂತಿದ್ರು. ಇಲ್ಲಿಗೆ ಬಂದ ಮ್ಯಾಲೆ ನಂದು ನಾನ ಹಾಕ್ತೀನಿ."

ಅಜ್ಜಿ ಒಲೆ ನೋಡಲು ಒಳಗೆ ಹೋದರು. ಚೀಟಿ ನನ್ನ ಕೈಯಲ್ಲಿತ್ತು. ಅದಿಲ್ಲದಿದ್ದರೆ ಅಜ್ಜಿ ಓಟು ಹಾಕುವಂತಿಲ್ಲ, ಆ ಪಾರ್ಟಿಗೆ ಒಂದು ಓಟು ಕಡಿಮೆ, ದೇಶ ಉಳಿಯುತ್ತದೆ. ಇಷ್ಟೇ ನನ್ನ ಯೋಚನೆ. ಮನೆಗೆ ಓಡಿಬಂದು ಬಚ್ಚಲ ಒಲೆಗೆ ಹಾಕಿಬಿಟ್ಟೆ. ಅದು ಸುರುಟಿ ಕಪ್ಪಾಗುವಾಗಲೇ ಹೆದರಿಕೆ ಶುರುವಾಯಿತು. ಪೊಲೀಸರು ಬಂದರೆ? ಅಜ್ಜಿಯ ಓಟು ಕಸಿದ ಅವರೂರಿನ ಗೌಡರ ಸಾಲಿಗೆ ಈಗ ನಾನೂ ಸೇರಿದೆನೆಂದು ತಿಳಿಯುವ ವಯಸ್ಸಲ್ಲ. ಏನೋ ದೊಡ್ಡ ಕಳ್ಳತನ ಮಾಡಿದೆನೆಂದು ಮಾತ್ರ ಗೊತ್ತಾಯಿತು. ಎರಡು ದಿನ ಊಟ ಸೇರಲಿಲ್ಲ. ಬೀದಿಯಲ್ಲಿ ಜೀಪಿನ ಸದ್ದಾದರೆ ಮಂಚದ ಕೆಳಗೆ ನುಗ್ಗುತ್ತಿದ್ದೆ.

ಮತದಾನದ ದಿನ ಬೆಳಿಗ್ಗೆ ಅಜ್ಜಿ ಇಳಕಲ್ ಸೀರೆ ಉಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದರು. "ಚೀಟಿ ನಿನ್ನ ಕಡಿಂದ ಇಸ್ಕೊಂಡು ಎಲ್ಲಿಟ್ಟೆನೋ, ಎಲ್ಲೋ ಬಿದ್ದೈತಿ. ನೀ ಓದಿದ್ದಿಯಲ್ಲ, ನಂಬರ್ ನೆನಪೈತೇನವ್ವ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಇರ್ಲಿ ಬಾ, ಅಲ್ಲೇ ಕೇಳೋಣು" ಎಂದು ನನ್ನ ಕೈ ಹಿಡಿದು ಹೊರಟೇಬಿಟ್ಟರು.

ಶಿವಣ್ಣ ಮಾಮ ತಮ್ಮ ಪಾರ್ಟಿಯ ಏಜೆಂಟಾಗಿ ಶಾಲೆಯೊಳಗೆ ಕುಳಿತಿದ್ದರು. ಹೊರಗೆ ರಸ್ತೆಯ ಎರಡು ಬದಿಗೆ ಎರಡೂ ಪಾರ್ಟಿಯವರು ಮೇಜು ಹಾಕಿಕೊಂಡು ಚೀಟಿ ಬರೆದುಕೊಡುತ್ತಿದ್ದರು. ನಾವು ತಲುಪುವ ಹೊತ್ತಿಗೆ ಅಲ್ಲಿ ಹೊಡೆದಾಟವೇ ಆಗಿಹೋಗಿತ್ತು. ಮಾಮನ ಕಡೆಯವರ ಮೇಜು ಕಾಲು ಮೇಲಾಗಿ ಬಿದ್ದಿತ್ತು, ಅವರ ಪಟ್ಟಿ ಚೂರುಚೂರಾಗಿತ್ತು. ಪೊಲೀಸರು ಲಾಠಿ ಆಡಿಸುತ್ತ ಎಲ್ಲರನ್ನೂ ಚದುರಿಸುತ್ತಿದ್ದರು. ಹೊಂಗೆ ಮರದ ಕೆಳಗೆ ಒಬ್ಬ ಹಣೆ ಒತ್ತಿಕೊಂಡು ಕುಳಿತಿದ್ದ, ಬೆರಳ ಸಂದಿಯಲ್ಲಿ ರಕ್ತ. ನನಗೆ ಅಳು ಕಿತ್ತುಕೊಂಡು ಬಂತು. ಇದೆಲ್ಲ ಆ ಚೀಟಿಯಿಂದಲೇ ಆಯಿತೆಂದು ನಂಬಿದೆ. ಅಜ್ಜಿ ಮಾತ್ರ ನನ್ನ ಕೈ ಬಿಡದೆ ಉಳಿದಿದ್ದ ಒಂದೇ ಮೇಜಿನ ಹತ್ತಿರ ಹೋದರು. ಅಲ್ಲಿ ಕುಳಿತಿದ್ದವರು ಅಪ್ಪ.

"ನನ್ನ ನಂಬರ್ ನೋಡಪ್ಪ."

ಪಕ್ಕದಲ್ಲಿದ್ದವನು ತಡೆದ. "ಸುಮ್ನಿರಿ ಸಾರ್, ಆ ಓಟು ನಮ್ಗೆ ಬೀಳಲ್ಲ."

ಅಪ್ಪ ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಪಟ್ಟಿಯ ಮೇಲೆ ಬೆರಳಾಡಿಸಿ ಹೆಸರು ಹುಡುಕಿ, ತಮ್ಮ ಗುಂಡು ಅಕ್ಷರದಲ್ಲಿ ಚೀಟಿ ಬರೆದರು. "ಬೀಳಲ್ಲ ಅಂತ ನಂಗೂ ಗೊತ್ತು ಕಣಯ್ಯ" ಅಂದರು ಅವನಿಗೆ. "ಎರಡ್ನೇ ರೂಮಮ್ಮ, ಹೆಂಗಸ್ರ ಸಾಲು ಚಿಕ್ಕದಿದೆ" ಅಂದರು ಅಜ್ಜಿಗೆ.

ಅಜ್ಜಿ ಶಾಯಿಯ ಬೆರಳನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿದು ಹೊರಗೆ ಬಂದರು.

ಸಂಜೆ ತಡೆಯಲಾಗದೆ ಅಪ್ಪನ ಮುಂದೆ ಎಲ್ಲ ಒದರಿಬಿಟ್ಟೆ. ಬೆಲ್ಟು ತೆಗೆಯುತ್ತಾರೆಂದು ಕಣ್ಣು ಮುಚ್ಚಿ ನಿಂತಿದ್ದೆ.

"ಯಾರೇ ಹೇಳಿದ್ರು ನಿಂಗೆ ಸುಡು ಅಂತ?"

"ಅವ್ರು ಗೆದ್ರೆ ದೇಶ ಮುಳುಗುತ್ತೆ ಅಂತ ನೀವೇ ಅಂದ್ರಲ್ಲಪ್ಪ."

ಅಪ್ಪ ಹೊಡೆಯಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ದೊಡ್ಡವರಿಗೂ ಹೆದರಿಕೆಯಾಗುತ್ತದೆಂದು ನಾನು ಮೊದಲು ಕಂಡದ್ದು ಅವತ್ತು. ಅಂಗಿ ಹಾಕಿಕೊಂಡು, ನನ್ನ ರಟ್ಟೆ ಹಿಡಿದು, ತಾವೇ ತುಳಿಯಬೇಡಿ ಎಂದಿದ್ದ ಹೊಸಿಲು ದಾಟಿ ಅಜ್ಜಿಯ ಮುಂದೆ ನಿಲ್ಲಿಸಿದರು. "ತಪ್ಪು ನಂದಮ್ಮ" ಎಂದರು. ಶಿವಣ್ಣ ಮಾಮ ಅಲ್ಲೇ ಇದ್ದರು. ಎದ್ದು ಕುರ್ಚಿ ಎಳೆದು ಹಾಕಿದರು.

ಆ ಸಲ ಯಾರು ಗೆದ್ದರೆಂದು ಕೇಳಿದರೆ ಈಗ ನೆನಪಿಲ್ಲ. ದೇಶವಂತೂ ಮುಳುಗಲಿಲ್ಲ. ಅದು ತಾನಾಗಿಯೇ ತೇಲಿಕೊಂಡಿರುತ್ತದೆ ಎಂಬ ಧೈರ್ಯ ನನಗೆ ಬಂದುಬಿಟ್ಟಿತು. ಈಗ ನಾನು ಸೋಫಾದಲ್ಲಿ ಕುಳಿತು ಫೋನಿನಲ್ಲಿ, ಅಪ್ಪ ಅಂದು ಆಡಿದ್ದಕ್ಕಿಂತ ಕೆಟ್ಟ ಮಾತುಗಳನ್ನು ದಿನಕ್ಕೆ ಹತ್ತು ಸಲ ಬರೆಯುತ್ತೇನೆ.

ಕಳೆದ ಸಲ ಮತಗಟ್ಟೆಯಲ್ಲಿ ನನ್ನ ಮುಂದೆ ನಿಂತಿದ್ದ ಎದುರುಮನೆಯ ಮುದುಕರ ಹೆಸರು ಪಟ್ಟಿಯಲ್ಲಿರಲಿಲ್ಲ. ಅವರ ಪಾರ್ಟಿ ಯಾವುದೆಂದು ನನಗೆ ಗೊತ್ತು. ಅವರು ಕನ್ನಡಕ ಸರಿಮಾಡಿಕೊಳ್ಳುತ್ತ ಮತ್ತೆ ಮತ್ತೆ ಕೇಳಿ, ಕೊನೆಗೆ ತಲೆ ತಗ್ಗಿಸಿ ಹೊರಟುಹೋದರು. ನನಗೆ ಒಳಗೊಳಗೇ ಖುಷಿಯಾಯಿತು. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಒಂಬತ್ತು ವರ್ಷದವಳಿಗೆ ಎರಡು ದಿನ ಅನ್ನ ಇಳಿದಿರಲಿಲ್ಲ.