ಮೆಲುದನಿಗೆ ಗಟ್ಟಿತನ ಕೊಡುವ ಸೌಂಡಣ್ಣ

ಬೆಳಗಿನ ಐದೂವರೆ. ಸೌಂಡಣ್ಣ ಮೊದಲು ಫ್ರಿಜ್ಜಿನ ಪ್ಲಗ್ಗು ಕೀಳುತ್ತಾರೆ. ಫ್ಯಾನು ಆರಿಸುತ್ತಾರೆ. ಗೋಡೆ ಗಡಿಯಾರವನ್ನು ಇಳಿಸಿ, ಬಚ್ಚಲುಮನೆಯಲ್ಲಿಟ್ಟು ಬಾಗಿಲು ಹಾಕುತ್ತಾರೆ. ಪ್ಲಗ್ಗು ಮತ್ತೆ ಹಾಕಲು ಮರೆತು ಹಾಲು ಒಡೆದ ದಿನಗಳ ಲೆಕ್ಕ ಹೆಂಡತಿಯ ಬಳಿ ಪಕ್ಕಾ ಇದೆ. ಇಲ್ಲಿಯವರೆಗೆ ಒಂಬತ್ತು.

ಹತ್ತಡಿಯ ಕೋಣೆ. ಒಂದು ಮೂಲೆಯಲ್ಲಿ ಇವರ ಕಂಪ್ಯೂಟರು ಮತ್ತು ಎರಡು ಸ್ಪೀಕರು, ಇನ್ನೊಂದು ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಮಷೀನು. ಏಳೂವರೆಗೆ ಆ ಮಷೀನು ಶುರುವಾಯಿತೆಂದರೆ ಇವರು ಗಂಟುಮೂಟೆ ಕಟ್ಟಬೇಕು. ಹಾಗಾಗಿ ದಿನಕ್ಕೆ ಸಿಗುವುದು ಎರಡೇ ಗಂಟೆ. ಜನ ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಿದ ಹಾಡುಗಳಿಗೆ ಆ ಎರಡು ಗಂಟೆಯಲ್ಲಿ ಕೊನೆಯ ಮಿಕ್ಸ್ ಮಾಡುತ್ತಾರೆ, ಅಂದರೆ ದನಿ, ವಾದ್ಯ ಎಲ್ಲವನ್ನೂ ಹದವಾಗಿ ಬೆರೆಸುತ್ತಾರೆ. ಹಾಡಿಗೆ ಎರಡು ಬೆಳಗು, ವಾರಕ್ಕೆ ಮೂರು ಹಾಡು, ಭಾನುವಾರ ರಜೆ. ಬರುವವರೆಲ್ಲ ಕೇಳುವುದು ಒಂದನ್ನೇ: ಇನ್ನೂ ಜೋರಾಗಬೇಕು.

"ಜೋರು ಮಾಡೋದು ಅಂದ್ರೆ ವಾಲ್ಯೂಮ್ ಏರಿಸೋದು ಅಂದ್ಕೊಂಡಿದ್ದಾರೆ," ಎನ್ನುತ್ತಾರೆ. "ಅಟ್ಟಕ್ಕೆ ಪೆಟ್ಟಿಗೆ ಎತ್ತುವಾಗ ಅದರಿಂದ ಒಂದು ಕೊಡೆ ಚಾಚ್ಕೊಂಡಿದ್ರೆ ಮೊದ್ಲು ಸೂರಿಗೆ ತಾಗೋದು ಅದೇ ಅಲ್ವಾ? ಕೊಡೆ ಮಲಗಿಸಿ, ಪೆಟ್ಟಿಗೆ ಇನ್ನೂ ಮೇಲೆ ಹೋಗತ್ತೆ. ಹಾಡೂ ಅಷ್ಟೇ." ಎಲ್ಲೋ ಒಂದು ಅಕ್ಷರ ಥಟ್ಟನೆ ಜೋರಾಗಿ ಬಂದಿರುತ್ತದೆ. ಅಂಥವನ್ನು ಒಂದೊಂದಾಗಿ ಹುಡುಕಿ, ಕೈಯಾರೆ ತಗ್ಗಿಸುತ್ತಾರೆ. ನಿನ್ನೆಯ ಬೆಳಗು ಒಂದೇ ಹಾಡಿನಲ್ಲಿ ಇನ್ನೂರ ಹನ್ನೊಂದು.

ಇಪ್ಪತ್ತೆಂಟು ವರ್ಷ ಸಭೆ ಸಮಾರಂಭಗಳಿಗೆ ಮೈಕ್ ಸೆಟ್ ಬಾಡಿಗೆ ಕೊಟ್ಟವರು ಇವರು. ಪೆಟ್ಟಿಗೆ ಹೊತ್ತು ಹೊತ್ತು ಸೊಂಟ ಹಿಡಿದ ಮೇಲೆ ಮಗಳ ಹಳೆ ಕಂಪ್ಯೂಟರಿನ ಮುಂದೆ ಕೂತು ಈ ಕೆಲಸ ಕಲಿತರು. ಮೊದಲ ವರ್ಷ ಮಾಡಿಕೊಟ್ಟ ಹಾಡುಗಳ ಕಥೆ ಹೇಳಿದರೆ ತಾವೇ ನಗುತ್ತಾರೆ. "ಒಬ್ರು ಹಾಡು ಕೇಳಿ, 'ಅಣ್ಣಾ, ಇದರೊಳಗೆ ಹಾವು ಬಿಟ್ಟಿದ್ದೀರಾ?' ಅಂದ್ರು. 'ಸ' ಬಂದಲ್ಲೆಲ್ಲ ಬುಸ್ ಅನ್ನೋದಂತೆ. ನನಗೆ ಮಾತ್ರ ಏನೂ ಕೇಳ್ತಿಲ್ಲ." ಹಾರ್ನ್ ಸ್ಪೀಕರುಗಳ ಪಕ್ಕ ನಿಂತೂ ನಿಂತೂ ಕಿವಿಗಳು ಅಂಥ ಸೀಟಿ ಸದ್ದಿಗೆ ಮಂಕಾಗಿದ್ದವು. ಕೇಳಿಸದ್ದನ್ನು ಕೇಳಿಸಿಕೊಳ್ಳಲು ಇವರು ಅದನ್ನೇ ಏರಿಸುತ್ತಾ ಹೋಗಿದ್ದರು.

ಅಂದಿನಿಂದ ಕೊನೆಯ ತೀರ್ಪು ಹೆಂಡತಿಯದು. ಆಕೆ ಅಡುಗೆಮನೆಯ ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಾರೆ, ಇವರು ಕೋಣೆಯಿಂದ ಸಣ್ಣಗೆ ಹಾಡು ಹಾಕುತ್ತಾರೆ. ನೀರಿನ ಸದ್ದಿನಲ್ಲೂ ಆಕೆಗೆ ಸಾಹಿತ್ಯ ತಿಳಿದರೆ ಹಾಡು ಪಾಸು. ಬಂದವರಿಗೆಲ್ಲ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: "ಕೈ ನಂದು, ಕಿವಿ ಇವಳದು." ನನಗೆ ಇವರು ಇಷ್ಟವಾದದ್ದು ಇಲ್ಲೇ.

ಇವತ್ತು ಮಂಗಳವಾರ, ಇವರ ಕೆಲಸ ನೋಡಲೆಂದು ನಾನೂ ಬೆಳಗ್ಗೆಯೇ ಬಂದು ಕೂತಿದ್ದೇನೆ. ಕಂಪ್ಯೂಟರಿನಲ್ಲಿರುವುದು ನಿವೃತ್ತ ನರ್ಸಮ್ಮನೊಬ್ಬರ ಹಾಡು. ಮಕ್ಕಳ ವಾರ್ಡಿನಲ್ಲಿ ಹಾಡುತ್ತಿದ್ದ ಜೋಗುಳವನ್ನು ಆಕೆ ಮನೆಯಲ್ಲೇ ಫೋನಿನಲ್ಲಿ ಹಾಡಿ ರೆಕಾರ್ಡ್ ಮಾಡಿದ್ದಾರೆ, ಹಿಂದೆ ಬರುವ ಕೀಬೋರ್ಡನ್ನು ತಂಗಿ ಬೇರೆಯಾಗಿ ನುಡಿಸಿ ಕಳಿಸಿದ್ದಾರೆ. ನಾಳೆ ಆಕೆಯ ಗಂಟಲಿಗೆ ಆಪರೇಷನ್. ದನಿ ಹೀಗೇ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಅಷ್ಟರೊಳಗೆ ಒಮ್ಮೆ ಗಂಡನಿಗೆ ಕೇಳಿಸಬೇಕು. ಗಂಡನಿಗೋ ಕಿವಿ ದೂರ, ಕಿವಿಯ ಮಷೀನು ಕಿರಿಕಿರಿ ಎಂದು ಕಿತ್ತಿಡುವ ಆಸಾಮಿ. ಮನೆಯ ಪುಟ್ಟ ಸ್ಪೀಕರಿನಲ್ಲಿ ಎಷ್ಟು ಏರಿಸಿದರೂ ಆಕೆಯ ಮೆಲುದನಿ ಅವರನ್ನು ಮುಟ್ಟಿಲ್ಲ.

ಏಳು ಗಂಟೆ. ಸೌಂಡಣ್ಣ ಆಸೆಗೆ ಬಿದ್ದು ಹಾಡಿನ ಏರಿಳಿತವನ್ನೆಲ್ಲ ಒತ್ತಿ ಸಮ ಮಾಡಿ, ಒಟ್ಟಿಗೆ ಏರಿಸಿದ್ದಾರೆ. ನಲ್ಲಿ ನಿಲ್ಲುತ್ತದೆ.

"ರೀ, ನರ್ಸಮ್ಮ ಹಾಡ್ತಿಲ್ಲ, ಯಾರನ್ನೋ ಗದರಿಸ್ತಿದ್ದಾರೆ."

"ಜೋರಾಗಿದೆ ತಾನೆ?"

"ಜೋರಾಗಿದೆ. ಜೋಗುಳ ಎಲ್ಲಿ ಹೋಯ್ತು?"

ಸೌಂಡಣ್ಣ ಒತ್ತಿದ್ದನ್ನೆಲ್ಲ ತೆಗೆಯುತ್ತಾರೆ. ಈ ಸಲ ದನಿಯ ತಂಟೆಗೆ ಹೋಗದೆ ಕೀಬೋರ್ಡನ್ನು ತಗ್ಗಿಸುತ್ತಾರೆ. ರೆಕಾರ್ಡಿಂಗಿನ ತಳದಲ್ಲಿ ಯಾರ ಗಮನಕ್ಕೂ ಬಾರದೆ ಗುಂಯ್ ಎನ್ನುವ ಸದ್ದನ್ನು ಕತ್ತರಿಸುತ್ತಾರೆ. ಹೀಗೆ ತೆರವಾದ ಜಾಗದಲ್ಲಿ ದನಿಯನ್ನು ಇಷ್ಟಿಷ್ಟೇ ಮೇಲೆ ತರುತ್ತಾರೆ. ಏಳೂವರೆ ದಾಟುತ್ತದೆ. ಹೊಲಿಯಬೇಕಾದ ಮೂರು ಬ್ಲೌಸು ಕಾಯುತ್ತಿವೆ. ಹೆಂಡತಿ ಮಷೀನಿನ ಬಳಿ ಬಂದವರು ಕೂರದೆ ಹಿಂತಿರುಗುತ್ತಾರೆ. "ನನ್ನ ಅರ್ಧ ಗಂಟೆ ತಗೊಳ್ಳಿ. ನಾಳೆ ಕೊಟ್ರೆ ಏನು ಉಪಯೋಗ?"

ಎಂಟಕ್ಕೆ ಐದು ನಿಮಿಷ ಇರುವಾಗ ಮತ್ತೆ ಹಾಡು. ನೀರು ಧೋ ಎಂದು ಬೀಳುತ್ತಿದೆ. ತೀರ್ಪು ಕೇಳಲು ಸೌಂಡಣ್ಣ ಅಡುಗೆಮನೆಯ ಬಾಗಿಲಿಗೆ ಬರುತ್ತಾರೆ. ಬಗ್ಗಿ ನೋಡಿದರೆ ಆಕೆ ತೊಳೆದ ತಟ್ಟೆಯನ್ನೇ ತೊಳೆಯುತ್ತಾ ಗುನುಗುತ್ತಿದ್ದಾರೆ. ಹಾಡು ಪಾಸು, ಸೌಂಡಣ್ಣ ಅದನ್ನು ಆಗಲೇ ನರ್ಸಮ್ಮನ ಫೋನಿಗೆ ಕಳಿಸುತ್ತಾರೆ.

ಮುಂದೇನು ಆಸೆ ಎಂದರೆ ಸೌಂಡಣ್ಣ ಕಿಟಕಿಯತ್ತ ನೋಡುತ್ತಾರೆ. "ಒಂದು ದಪ್ಪ ಪರದೆ ಹಾಕ್ಬೇಕು. ಹೊಲಿಯೋರು ಮನೇಲೇ ಇದ್ದಾರೆ, ಪುರುಸೊತ್ತು ಇಲ್ಲ ಅಷ್ಟೇ."

ಸಂಜೆ ಐದಕ್ಕೆ ನಾನು ಇನ್ನೂ ಅಲ್ಲೇ ಇದ್ದೇನೆ. ಫೋನು ಬಂದದ್ದೇ ಹೊಲಿಗೆ ಮಷೀನು ತಾನಾಗಿ ನಿಲ್ಲುತ್ತದೆ. ನರ್ಸಮ್ಮನ ದನಿ ಕೋಣೆಗೆಲ್ಲ ಕೇಳುವಂತೆ ಸೌಂಡಣ್ಣ ಸ್ಪೀಕರ್ ಒತ್ತುತ್ತಾರೆ.

"ಅಣ್ಣಾ, ಹಾಡು ಹಾಕ್ದೆ. ನಮ್ಮವರು ಕಿವಿಯ ಮಷೀನು ಹಾಕ್ಕೊಂಡಿರ್ಲಿಲ್ಲ. ಪೂರ್ತಿ ಕೇಳಿದ್ರು."

"ಏನಂದ್ರು?"

"'ಒಂಚೂರು ಕಮ್ಮಿ ಮಾಡೇ, ಪಕ್ಕದ ಮನೆಯವರು ಏನಂದ್ಕೊಂಡಾರು' ಅಂದ್ರು. ಆಮೇಲೆ ಇನ್ನೊಂದ್ಸಲ ಹಾಕು ಅಂದ್ರು."

ಫೋನು ಇಟ್ಟ ಸೌಂಡಣ್ಣ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

"ಮೈಕ್ ಸೆಟ್ ಹಾಕ್ತಿದ್ದಾಗ ಕಮ್ಮಿ ಮಾಡು ಅಂತ ಬೈದು ಹೋದವರಿಗೆ ಲೆಕ್ಕ ಇಲ್ಲ," ಎನ್ನುತ್ತಾರೆ. "ಆ ಮಾತು ಕೇಳಿ ಖುಷಿಯಾಗಿದ್ದು ಮಾತ್ರ ಇದೇ ಮೊದ್ಲು."