ಸ್ಟೆಪ್ನಿಯ ತೋಳಿಗೆ ಜೋತುಬಿದ್ದವರು

ತ್ರಾಸಿಯ ಹೆದ್ದಾರಿ ಬದಿಯಲ್ಲಿ ಜೀಪುಗಳಿಗೆ ಹಿಂದಿನ ಬಂಪರ್ ಕಟ್ಟಿಕೊಡುವ ವೆಲ್ಡರ್ ಒಬ್ಬರಿದ್ದರು. ಮೊಬೈಲಿನಲ್ಲಿ ಯಾವ ಬಂಪರ್ ತೋರಿಸಿದರೂ ಅವರದು ಒಂದೇ ಮಾತು: "ಚಂದ ಕಡಿಗ್ ಕಾಂಬ. ಮೊದ್ಲ್ ಭಾರ ಹೊರುಕ್ ಆತ್ತಾ?" ಸ್ಟೆಪ್ನಿ ಚಕ್ರ ಹೊರುವ ಕಬ್ಬಿಣದ ತೋಳನ್ನು ಬಂಪರಿಗೆ ಬೆಸೆದ ಮೇಲೆ ತಾವೇ ಅದಕ್ಕೆ ಜೋತುಬಿದ್ದು ಕುಲುಕುತ್ತಿದ್ದರು. ಜೀಪಿನ ಹಿಂಬದಿ ಕುಸಿಯುತ್ತಿತ್ತು. ತೋಳು ಅಲುಗದಿದ್ದರೆ ಮಾತ್ರ ಬಣ್ಣ ಬಳಿಯುತ್ತಿದ್ದರು.

ನನ್ನ ಜೀಪಿನ ಸರದಿ ಬಂದಾಗ ಅವರು ದೊಡ್ಡ ಕಾಯಿಲೆಯಿಂದ ಎದ್ದು ಬಂದಿದ್ದರು. ಅಂಗಿ ಹೆಗಲಿನಿಂದ ಜಾರುತ್ತಿತ್ತು. ಬೆಸುಗೆ ಮುಗಿಸಿ, ಎಂದಿನಂತೆ ಜೋತುಬಿದ್ದರು. ಜೀಪು ಮಿಸುಕಲಿಲ್ಲ.

ಇಳಿದು ಕೈ ಒರೆಸಿಕೊಂಡರು. "ನನ್ನ ಭಾರ ಈಗ ಸಾಕಾತಿಲ್ಲ ಮಾರಾಯ್ರೆ. ನೀವೇ ಜೋತ್ಕಣಿ, ಕಾಂಬ."

ನಾನು ಜೋತುಬಿದ್ದೆ. ಜೀಪು ಕುಸಿಯಿತು, ತೋಳು ಅಲುಗಲಿಲ್ಲ. "ಸರಿ ಇತ್ತಲ್ಲ?" ಎಂದೆ. ಅವರು ನನ್ನ ಭಾರಕ್ಕೆ ಕುಸಿದ ಸ್ಪ್ರಿಂಗನ್ನೇ ನೋಡುತ್ತ ನಿಂತಿದ್ದರು.