ಕುಂಞಿ ಹೆದರಿದ ಸಂಜೆ

ನಸೀಮಾ, ಕುಂಞಿಯನ್ನು ಹೆದರಿಸಿದ್ದು ನಾನು. ನೀನು ಊರಿನಲ್ಲಿಲ್ಲದಾಗ ಆ ಬೆಕ್ಕಿಗೆ ಏನಾಯಿತೆಂದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಬೇರೆಯೇ ಹೇಳಿದೆ. ನೀನು ನಂಬಿದೆ. ಇಷ್ಟು ವರ್ಷ ನಂಬಿಕೊಂಡೇ ಇದ್ದೀ.

ಕೂಳೂರಿನ ಈ ಕಟ್ಟಡದಲ್ಲಿ ನಮ್ಮಿಬ್ಬರ ಮನೆ ಎದುರುಬದುರು. ನಿನ್ನ ಗಂಡನಿಗೆ ಶಾರ್ಜಾದಲ್ಲಿ ಅಂಗಡಿ. ಮಗಳು ರುಕ್ಸಾನಾಳನ್ನು ಮದುವೆ ಮಾಡಿ ಕೊಟ್ಟದ್ದೂ ಅಲ್ಲಿಗೇ. ಇಲ್ಲಿ ನೀನೊಬ್ಬಳೇ. ಒಮ್ಮೆ ನೀನು ಬೆಂಗ್ರೆಯ ತವರಿನಿಂದ ಬರುವಾಗ ದಡದಲ್ಲಿ ಗುಡ್ಡೆ ಹಾಕಿದ್ದ ಹಳೇ ಬಲೆಯೊಳಗೆ ಕಾಲು ಸಿಕ್ಕಿಕೊಂಡು ಅರಚುತ್ತಿದ್ದ ಮರಿಯೊಂದನ್ನು ಬಿಡಿಸಿ, ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದೆ. ಬೂದಿ ಬಣ್ಣ, ಹಿಡಿಯಷ್ಟು ಜೀವ. ನಿಮ್ಮ ಮಾತಿನಲ್ಲಿ ಪುಟ್ಟದು ಎಂಬ ಅರ್ಥದಲ್ಲಿ ಕುಂಞಿ ಎಂದು ಕರೆದೆ. ಯಾರನ್ನೂ ಹತ್ತಿರ ಬಿಡದ ಆ ಬೆಕ್ಕು ನಿನ್ನ ಹೆಜ್ಜೆಯ ಸಪ್ಪಳಕ್ಕೆ ಮಾತ್ರ ಬಾಲ ಎತ್ತಿ ಓಡಿ ಬರುತ್ತಿತ್ತು.

ಮಗಳ ಹೊಸ ಸಂಸಾರ ನೋಡಲು ನೀನು ಶಾರ್ಜಾಕ್ಕೆ ಹೊರಟಾಗ ಅದನ್ನು ನನ್ನ ಕೈಯಲ್ಲಿಟ್ಟೆ. "ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ನಂಬುದಿಲ್ಲ ಅಕ್ಕ" ಎಂದೆ.

ದೀಪಾವಳಿಯ ಸಂಜೆ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ದೊಡ್ಡ ಗುತ್ತಿನ ಮನೆಯವರು, ಹಳೇ ಜಮೀನ್ದಾರರು. ಕುಂಞಿ ಸೋಫಾದ ಮೇಲೆ ಮಲಗಿತ್ತು. ಅವರು 'ಇದು ಯಾರ ಬೆಕ್ಕು' ಎಂದು ಕೇಳಿದರೆ ಏನು ಹೇಳುವುದು — ಈ ಯೋಚನೆ ಬಂತು ನನಗೆ. ಎದುರು ಮನೆಯ ಬ್ಯಾರಿಗಳದ್ದು ಎಂದರೆ ಅವರು ಏನೆಂದುಕೊಂಡಾರು, ಅವರೊಡನೆ ಇಷ್ಟೊಂದು ಬಳಕೆಯೇ ಎಂದು ಹುಬ್ಬೇರಿಸಿಯಾರು... ನಿನ್ನ ಮನೆಯ ತುಪ್ಪದನ್ನ ಉಂಡ ಬಾಯಿ ನನ್ನದು, ನಸೀಮಾ. ಆದರೂ ಆ ಸಂಜೆ ನಿನ್ನ ಹೆಸರು ಹೇಳಲು ನಾಚಿದೆ. ಕುಂಞಿಯನ್ನು ಎತ್ತಿ ಹಿಂದಿನ ಬಾಲ್ಕನಿಗೆ ಬಿಟ್ಟು ಬಾಗಿಲು ಹಾಕಿ ಚಿಲಕ ಸಿಕ್ಕಿಸಿದೆ.

ಅವರು ಬಂದು ಕುಳಿತ ಸ್ವಲ್ಪ ಹೊತ್ತಿಗೆ ಕೆಳಗಿನ ಅಂಗಳದಲ್ಲಿ ಮಾಲೆ ಪಟಾಕಿ ಸುರುವಾಯಿತು. ಗೋಡೆಗಳೆಲ್ಲ ಅದುರುತ್ತಿದ್ದವು. ನಡುವೆ ಒಂದು ರಾಕೆಟ್ ದಿಕ್ಕು ತಪ್ಪಿ ಬಾಲ್ಕನಿಯ ಗ್ರಿಲ್ಲಿಗೇ ಬಡಿದು ಒಡೆಯಿತು. ಆಮೇಲೆ ಬಾಗಿಲನ್ನು ಪರಚುವ ಸದ್ದು. ಮತ್ತೆ ಕೂಗು — ಬೆಕ್ಕಿನ ಕೂಗಿನಂತೆಯೇ ಇರಲಿಲ್ಲ ಅದು.

"ಅದೆಂತ ಶಬ್ದ?" ಎಂದು ಹುಡುಗನ ತಾಯಿ ಕೇಳಿದರು.

"ಎಂತ ಇಲ್ಲ, ಗಾಳಿಗೆ ಬಾಗಿಲು ಬಡಿಯುದು" ಎಂದೆ. ಎಂದು, ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಬಡಿಸಿದೆ.

ಅವರು ಹೋದ ಮೇಲೆ ಬಾಗಿಲು ತೆಗೆದರೆ ಹೊಗೆ ಇನ್ನೂ ತೇಲುತ್ತಿತ್ತು. ಕುಂಞಿ ವಾಷಿಂಗ್ ಮೆಷಿನ್ನಿನ ಹಿಂದೆ ಗೋಡೆಗೆ ಅಂಟಿಕೊಂಡಿತ್ತು. ಬಾಗಿಲ ಬುಡದಲ್ಲಿ ರಕ್ತದ ಗೀರುಗಳು. ಮುಂಗಾಲಿನ ಉಗುರುಗಳು ಕಿತ್ತುಬಂದಿದ್ದವು. ನಾನು ಕೈ ಚಾಚಿದೆ. ಅದು ನನ್ನನ್ನು ನೋಡಿತು — ನೋಡಿದ್ದು ನನ್ನನ್ನೋ, ನನ್ನ ಹಿಂದಿದ್ದ ಯಾವುದನ್ನೋ... ಮಗಳಿಗೆ ಆ ಸಂಬಂಧ ಕೂಡಿ ಬರಲಿಲ್ಲ. ಕೂಡಿ ಬಂದಿದ್ದರೂ ಇದೇನೂ ಕಡಿಮೆಯಾಗುತ್ತಿರಲಿಲ್ಲ.

ಗೀರುಗಳನ್ನು ಒರೆಸಿದೆ. ನೀನು ಫೋನು ಮಾಡಿದಾಗಲೆಲ್ಲ "ಚೆನ್ನಾಗುಂಟು" ಎಂದೆ. ನೀನು ಮರಳಿ ಬರುವ ಹೊತ್ತಿಗೆ ಗಾಯ ಮಾಸಿ ಉಗುರು ಚಿಗುರಿತ್ತು. ಆದರೆ ನಿನ್ನ ಹೆಜ್ಜೆ ಕೇಳಿ ಓಡಿ ಬರಬೇಕಾದ ಕುಂಞಿ, ನಾನು ಎತ್ತಿ ತಂದು ಬಿಟ್ಟ ಕೂಡಲೇ ನಿನ್ನ ಮಂಚದಡಿ ನುಗ್ಗಿ, ನಿನಗೇ ಹಲ್ಲು ತೋರಿಸಿ ಬುಸುಗುಟ್ಟಿತು. ಬುರ್ಖಾವನ್ನೂ ತೆಗೆಯದೆ ನೆಲಕ್ಕೆ ಕೂತುಬಿಟ್ಟೆ ನೀನು.

"ಎಂತಾಯ್ತು ಅಕ್ಕ ಇದಕ್ಕೆ?"

ಆಗ ಹೇಳಬಹುದಿತ್ತು. ಬಾಯಿ ತೆರೆದದ್ದೂ ಹೌದು. ಹೊರಬಂದದ್ದು ಮಾತ್ರ ಬೇರೆ: "ನೀನು ಬಿಟ್ಟು ಹೋದೆಯಲ್ಲ, ಆ ಕೊರಗು. ನೀನು ಹೋದಂದಿನಿಂದ ಹೀಗೇ."

ನಿನ್ನ ಮುಖ ಬಿಳಿಚಿಕೊಂಡದ್ದನ್ನು ನೋಡಿಯೂ ನಾನು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪ್ರಾಣಿಗಳ ಡಾಕ್ಟರು ಮೈಗೆ ಏನೂ ಆಗಿಲ್ಲ, ಹೆದರಿಕೆ ಹೊಕ್ಕಿದೆ ಎಂದರು. ಎಳೆದು ಹೊರಗೆ ತರಬೇಡಿ, ಬೆನ್ನಟ್ಟಬೇಡಿ, ತಾನಾಗಿ ಬರುವವರೆಗೆ ಹತ್ತಿರ ಸುಮ್ಮನೆ ಇರಿ ಎಂದರು. ನೀನು ಒಂದು ರಟ್ಟಿನ ಡಬ್ಬಿಗೆ ಬಾಗಿಲು ಕೊರೆದು, ನಿನ್ನ ಹಳೇ ದುಪಟ್ಟಾ ಹಾಸಿ ಮಂಚದಡಿ ಇಟ್ಟೆ. ಕುಕ್ಕರಿನ ಸೀಟಿಗೆ ಅದು ನಡುಗುತ್ತದೆಂದು ಅನ್ನವನ್ನು ಪಾತ್ರೆಯಲ್ಲೇ ಬೇಯಿಸತೊಡಗಿದೆ. ಮಧ್ಯಾಹ್ನ ಊಟವಾದ ಮೇಲೆ ನಾನೂ ಬಂದು ನಿನ್ನ ಪಕ್ಕ ನೆಲದ ಮೇಲೆ, ಮಂಚಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆ.

ಆ ಮಧ್ಯಾಹ್ನಗಳು... ಅವು ನಿಜವಾಗಿ ನಡೆದವೋ, ನಾನು ನಿದ್ದೆಯಲ್ಲಿ ಕಂಡೆನೋ ಎಂದು ಈಗಲೂ ಅನಿಸುತ್ತದೆ. ಕಿಟಕಿಯಾಚೆಯ ಹೊಳೆಯ ಬೆಳಕು ಮೇಲೆ ಬಿದ್ದು, ಛಾವಣಿಯ ತುಂಬ ನೀರು ಅಲುಗುತ್ತಿದ್ದಂತೆ ಕಾಣುತ್ತಿತ್ತು; ಹೊಳೆಯ ತಳದಲ್ಲಿ ನಾವಿಬ್ಬರೂ ಕೂತಿದ್ದ ಹಾಗೆ. ಸೇತುವೆಯ ಮೇಲಿನ ಲಾರಿಗಳ ಸದ್ದು ಎಲ್ಲೋ ದೂರದ ಲೋಕದಿಂದ ಬಂದಂತೆ. ನೀನು ಪಿಸುದನಿಯಲ್ಲಿ ಬೆಂಗ್ರೆಯ ಬಾಲ್ಯ ಹೇಳುತ್ತಿದ್ದೆ — ಮರಳಲ್ಲಿ ಒಣಗುವ ಮೀನು, ದೋಣಿಯಲ್ಲಿ ಶಾಲೆಗೆ ಹೋದದ್ದು. ಕುಂಞಿ ಕೇಳಲೆಂದು ಹೇಳುತ್ತಿದ್ದೆ, ಕೇಳುತ್ತಿದ್ದವಳು ನಾನು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಯಾರ ಪಕ್ಕದಲ್ಲೂ ನಾನು ಅಷ್ಟು ನೆಮ್ಮದಿಯಾಗಿ ಕೂತದ್ದಿಲ್ಲ.

ಮೊದಲು ಒಂದು ಪಾದ ಹೊರಗೆ ಬಂತು. ಕೆಲವು ವಾರ ಕಳೆದು ಮೂತಿ. ಆಮೇಲೆ ಹುರಿದ ಬಂಗುಡೆ ಮೀನಿನ ಚೂರಿಗಾಗಿ ಅರ್ಧ ಮೈ. ಒಂದು ದಿನ ಪೂರ್ತಿ ಹೊರಬಂದು, ನಮ್ಮಿಬ್ಬರನ್ನೂ ಮೂಸಿ, ನನ್ನ ಮಡಿಲೇರಿ ಮಲಗಿತು. ನಿನ್ನ ಮಡಿಲಲ್ಲ — ನನ್ನದು.

"ನೋಡಿ ಅಕ್ಕ, ಅದಕ್ಕೂ ಗೊತ್ತಾಯ್ತು ನೀವು ಎಂತವರು ಅಂತ" ಎಂದು ನೀನು ಕಣ್ಣೊರೆಸಿಕೊಂಡೆ.

ಮಡಿಲಲ್ಲಿ ಅದು ಗುರುಗುಡುವುದು ನನ್ನ ಎದೆಯವರೆಗೂ ಬರುತ್ತಿತ್ತು. ನಾನು ಹಂದಾಡಲಿಲ್ಲ.

ಮರುವರ್ಷ ರುಕ್ಸಾನಾ ಬಸುರಿಯಾದಳು. ಬಾಣಂತನಕ್ಕೆ ಇಲ್ಲಿಗೇ ಬರಬೇಕಿತ್ತು. ವಿಮಾನ ಹತ್ತಬಾರದೆಂದು ಅಲ್ಲಿನ ಡಾಕ್ಟರು ತಡೆದರು. ನೀನೇ ಹೋಗುವುದೆಂದಾಯಿತು. ಟಿಕೆಟೂ ಬಂತು. ಆಗ ನೀನು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ: "ನಾನು ಹೋದ್ರೆ ಇದಕ್ಕೆ ಪುನಃ ಹಾಗೇ ಆಗ್ಲಿಕ್ಕುಂಟಾ ಅಕ್ಕ?"

ಒಂದೇ ಮಾತು ಸಾಕಿತ್ತು. ಇಲ್ಲ, ನಸೀಮಾ, ಅದು ನಿನ್ನಿಂದ ಆದದ್ದಲ್ಲ, ಹೋಗಿ ಬಾ — ಅಷ್ಟೇ. ನಾನು ಹೇಳಿದ್ದು: "ಆಗಲೂಬಹುದು."

ಸಿಕ್ಕಿಬೀಳುವ ಹೆದರಿಕೆಯಿಂದ ಹಾಗೆಂದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ನೀನು ಹೋಗುವುದು ನನಗೆ ಬೇಕಿರಲಿಲ್ಲ. ಆ ಮಧ್ಯಾಹ್ನಗಳು ಮುಗಿಯುವುದು ಬೇಕಿರಲಿಲ್ಲ. ನೀನು ಹೋಗಲಿಲ್ಲ; ನನ್ನ ಸುಳ್ಳು ನಿನ್ನನ್ನು ಇಲ್ಲಿ ಕಟ್ಟಿಹಾಕಿತು. ಅದು ನನಗೆ ಹಿತವಾಗಿಯೇ ಇತ್ತು.

ರುಕ್ಸಾನಾಳಿಗೆ ಹೆರಿಗೆ ಕಷ್ಟವಾಯಿತು. ಉಮ್ಮಾ, ಉಮ್ಮಾ ಎಂದು ಕೂಗುತ್ತಿದ್ದಳೆಂದು ನಿನ್ನ ಗಂಡ ಫೋನಿನಲ್ಲಿ ಹೇಳಿದಾಗ ನೀನು ನನ್ನ ಭುಜ ಹಿಡಿದುಕೊಂಡು ಅತ್ತೆ. ಅಳುವುದಕ್ಕೂ ನಿನಗೆ ನನ್ನದೇ ಭುಜ.

ಈ ರಜೆಗೆ ರುಕ್ಸಾನಾ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಾಳೆ. ಮೊನ್ನೆ ಚಾ ಕುಡಿಯುತ್ತಾ ನಗುನಗುತ್ತಲೇ ಅಂದಳು: "ನಮ್ಮ ಉಮ್ಮನಿಗೆ ಮಗಳಿಗಿಂತ ಬೆಕ್ಕೇ ದೊಡ್ಡದು ಆಂಟಿ." ನೀನೂ ನಕ್ಕೆ. ನಕ್ಕು ಲೋಟಗಳನ್ನು ಒಳಗೆ ಒಯ್ದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಇವತ್ತು ಮೆಟ್ಟಿಲ ಮೇಲೆ ಸಿಕ್ಕಿದ ರುಕ್ಸಾನಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಗೋಡೆಗೆ ಒರಗಿ ನಿಂತಳು.

"ಉಮ್ಮನಿಗೆ ಗೊತ್ತುಂಟಾ?"

"ಇಲ್ಲ."

"ನಾನು ಅವರಿಗೆ ಎಂತೆಲ್ಲ ಹೇಳಿದ್ದೇನೆ ಗೊತ್ತುಂಟಾ ಆಂಟಿ, ಇಷ್ಟು ವರ್ಷ..." ಎಂದಳು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವಳು ಬೈಯಲಿಲ್ಲ. ನಿನಗೆ ಹೇಳುವುದನ್ನು ನನಗೇ ಬಿಡಬೇಕೆಂದು ಕೇಳಿಕೊಂಡೆ. ನಾಳೆಯವರೆಗೆ ಮಾತ್ರ ಎಂದು ಹೇಳಿ ಇಳಿದು ಹೋದಳು.

ಹಾಗಾಗಿ ನಾಳೆ ಬೆಳಿಗ್ಗೆ ಬರುತ್ತೇನೆ, ನಸೀಮಾ. ಎಂದಿನಂತೆ ನೀನು ಕುರ್ಚಿ ಎಳೆದು ಕೊಡುತ್ತೀ, ಚಾಕ್ಕಿಡುತ್ತೇನೆ ಎನ್ನುತ್ತೀ. ನಾನು ಕೂರುವುದಿಲ್ಲ. ನಿನ್ನ ಮಗಳ ಎದುರಿಗೇ, ನಿಂತುಕೊಂಡೇ ಹೇಳುತ್ತೇನೆ.